ಕೊನೆಯ ಸಾಲಿನ ಕಾಬಾಳೆ

ಊರಿನ ಬಚ್ಚಲು, ಶೌಚಾಲಯಗಳ ನೀರನ್ನು ಜಲ್ಲಿ ಮತ್ತು ಬೇರುಗಳಲ್ಲೇ ಸೋಸುವ ಕಾಬಾಳೆ ಪಾತಿಯ ಕೊನೆಯ ಸಾಲಿನಲ್ಲಿ ಅತ್ತಿಗೆ ಕೆಂಪು ಹೂವೊಂದನ್ನು ಕಿತ್ತು ಮೂಗಿಗೆ ಹಿಡಿದಳು. ಪರಿಮಳವಿಲ್ಲದ ಹೂವನ್ನೂ ಮೂಸದೆ ಬಿಡದ ಮೂಗು. ಈ ಪಾತಿ ಕಟ್ಟುವಾಗ ಊರಿನಲ್ಲಿ ಎಲ್ಲರಿಗಿಂತ ಮೊದಲು ಮುರಿದದ್ದೂ ಅದೇ.

"ಈ ಸಾಲಿಗೆ ಕಂಡೋರ ಗಲೀಜು ಬರಲ್ಲ ತಾನೇ?"

"ಒಂದು ಹನಿಯೂ ಇಲ್ಲ ಅತ್ತಿಗೆ," ಎಂದಳು ಪಾತಿ ನೋಡಿಕೊಳ್ಳುವ ನಾದಿನಿ.

"ಅದಕ್ಕೇ ಹೂವು ಇಷ್ಟು ಚೆನ್ನಾಗಿದೆ. ನಾನಂತೂ ಈ ಕೊಳಕಿಗೆ ನಮ್ಮನೆ ಪೈಪು ಸೇರಿಸೋಕೆ ಬಿಡ್ಲಿಲ್ಲಪ್ಪ. ಇದಕ್ಕೇನು ಗೊಬ್ಬರ ಹಾಕ್ತೀಯ?"

ನಾದಿನಿ ಕುಡುಗೋಲಿನ ತುದಿಯಿಂದ ಅತ್ತಿಗೆಯ ಕಾಲ ಬಳಿ ಜಲ್ಲಿ ಕೆದಕಿ, ಹೊಸ ಪೈಪು ತೋರಿಸಿದಳು. "ನಿಮ್ಮನೆ ಶೌಚಾಲಯದ ಗುಂಡಿ ತುಂಬಿ ಹರಿದಾಗ ಅಣ್ಣ ನಿಮಗೆ ಹೇಳದೆ ಹಾಕಿಸಿದ್ದು. ಈ ಸಾಲು ಪೂರ್ತಿ ನಿಮ್ಮನೇದೇ."

ಹೂವು ಇನ್ನೂ ಮೂಗಿನ ಹತ್ತಿರವೇ ಇತ್ತು. ಅತ್ತಿಗೆ ಉಸಿರು ಬಿಗಿಹಿಡಿದು ನಿಂತಳು.