ಎಂಟನೆಯ ಸಹಿ

ತಂಡದ ನಾಯಕಿ ತನ್ನ ಮನೆಯಿಂದ ತಂದುಕೊಟ್ಟ ಚೀಟಿಯನ್ನು ಕೋಚ್ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ‘ಮಗಳು ಇನ್ನು ಆಟಕ್ಕೆ ಬರುವುದಿಲ್ಲ’ ಎಂಬ ಒಂದೇ ಸಾಲು, ಕೆಳಗೆ ಅಪ್ಪನ ಸೊಟ್ಟ ಸಹಿ. ಪಕ್ಕದ ಕಾಲೇಜಿನವರು ಇವಳಿಗೆ ಗಾಳ ಹಾಕುತ್ತಿದ್ದಾರೆಂಬ ಗುಮಾನಿ ಅವರಿಗೆ ಮೊದಲೇ ಇತ್ತು.

ಬೀರುವಿನ ಬಾಗಿಲಿಗೆ, ಅವರೇ ಓಡಾಡಿ ಪೇಪರಿನಲ್ಲಿ ಹಾಕಿಸಿದ್ದ ಅವಳ ಫೋಟೋ ಅಂಟಿಸಿತ್ತು. ಬೀರು ತೆರೆದು, ಊರಾಚೆಯ ಪಂದ್ಯಗಳಿಗೆಂದು ಅವಳು ಮನೆಯಿಂದ ತಂದಿದ್ದ ಒಪ್ಪಿಗೆ ಪತ್ರಗಳನ್ನು ಮೇಜಿನ ಮೇಲೆ ಹರವಿದರು. ಏಳಕ್ಕೆ ಏಳೂ ಮುತ್ತು ಪೋಣಿಸಿದಂಥ ಸಹಿ!

“ನನ್ನ ಕಿವಿ ಮೇಲೇ ಹೂ ಇಡ್ತೀಯೇನಮ್ಮಾ? ನೀನೇ ಹೇಳು, ಇದ್ರಲ್ಲಿ ನಿಮ್ಮಪ್ಪಂದು ಯಾವ್ದು?”

ಅವಳು ಏಳೂ ಪತ್ರಗಳನ್ನು ಒಂದೊಂದಾಗಿ ತನ್ನ ಕಡೆಗೆ ಎಳೆದುಕೊಂಡಳು. ಕೋಚ್ ಮುಂದೆ ಸೊಟ್ಟ ಸಹಿಯ ಚೀಟಿಯಷ್ಟೇ ಉಳಿಯಿತು.

“ಇದೊಂದೇ ಸಾರ್. ಪೇಪರಲ್ಲಿ ಫೋಟೋ ನೋಡಿದ್ಮೇಲೆ ಬರೆದಿದ್ದು.”