ಸುಲಿದ ಅವರೆಕಾಳು

ಮಗಳಿಗೆ ಆರು ತುಂಬುವವರೆಗೆ ಶಾಲೆಯ ಮಾತೇ ಬೇಡ, ಮನೆಯಲ್ಲೇ ಎಲ್ಲ ಕಲಿಯಲಿ ಎಂದು ಅವಳು ಹಟ ಹಿಡಿದಾಗ ಅತ್ತೆ ಒಂದು ವಾರ ಮುಖ ಊದಿಸಿಕೊಂಡಿದ್ದರು. ಆಮೇಲೆ ಅದೇನಾಯಿತೋ, ತಾವೇ ಮೆತ್ತಗಾದರು.

"ನೀನು ನಿಶ್ಚಿಂತೆಯಾಗಿ ಆಫೀಸಿಗೆ ಹೋಗಮ್ಮ. ಏನು ಕಲಿಸ್ಬೇಕೋ ಚೀಟಿ ಬರೆದಿಡು, ನಾನು ಮಾಡಿಸ್ತೀನಿ."

ಚಳಿ ಬಿತ್ತು, ಅವರೆಕಾಯಿ ಬಂತು. 'ಇವತ್ತು ಐವತ್ತು ಕಾಯಿ ಸುಲಿದು ಕಾಳು ಎಣಿಸುವುದು' ಎಂದು ಬರೆದಿಟ್ಟು ಹೋದಳು. ಸಂಜೆ ಬಂದು ನೋಡಿದರೆ ಬಟ್ಟಲ ತುಂಬ ಹಸಿರು ಕಾಳು. ತಿಂಗಳಿಡೀ ಹಾಗೆಯೇ.

"ಎಲ್ಲಾ ಇವಳೇ ಸುಲಿದಿದ್ದಾ ಅತ್ತೆ?"

"ಮತ್ತಿನ್ಯಾರು?"

"ನಾನೇ ಕಣ್ಣಾರೆ ನೋಡಿದೀನಿ ಕಣೇ" ಎಂದ ಗಂಡ. ಅವಳ ಕಣ್ಣು ತುಂಬಿ ಬಂತು.

ಭಾನುವಾರ ತಾನೇ ಮಾರ್ಕೆಟ್ಟಿಗೆ ಹೋಗಿ ಸೊಗಡಿನ ಅವರೆಕಾಯಿ ತಂದು ಮಗಳ ಮುಂದೆ ಸುರಿದಳು. "ಎಲ್ಲಿ ಪುಟ್ಟಿ, ಸುಲಿ ನೋಡೋಣ."

ಮಗು ಒಂದು ಕಾಯಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಸಿಪ್ಪೆಸಮೇತ ಕಚ್ಚಿತು. "ಇದೇನಮ್ಮಾ?"

ಅತ್ತೆ ಮೆಲ್ಲಗೆ ಅಡುಗೆಮನೆಗೆ ಎದ್ದು ಹೋದರು. ಗಂಡ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಬೀದಿಯ ಕೊನೆಯಲ್ಲಿ ಒಬ್ಬಾಕೆ ಸುಲಿದ ಕಾಳನ್ನೇ ಅಳೆದು ಮಾರುವುದು ಅವಳಿಗೆ ಆಗ ನೆನಪಾಯಿತು. ಹಾಗಾದರೆ ಈ ಮಗು ದಿನವಿಡೀ ಮಾಡುತ್ತಿದ್ದುದೇನು?

ಸಿಟ್ಟು ನೆತ್ತಿಗೇರಿ, ಮುದ್ದಿನ ಹೆಸರು ಬಿಟ್ಟು ಪೂರ್ತಿ ಹೆಸರು ಹಿಡಿದು ಕೂಗಿದಳು.

"ಲಾಸ್ಯಾ ನಂಜುಂಡಸ್ವಾಮಿ!"

ಮಗು ತಟಕ್ಕನೆ ಎದ್ದು, ನೆಟ್ಟಗೆ ನಿಂತು, ಕೈ ಎತ್ತಿ ಹೇಳಿತು: "ಪ್ರೆಸೆಂಟ್ ಮಿಸ್!"