ಹುಲ್ಲಿನ ಮೇಲಿನ ಕುಸ್ತಿ

ಟಿವಿಯ ಕಾರ್ಟೂನಿನಲ್ಲಿ ಹುಡುಗಿಯೊಬ್ಬಳು ತಾನು ಮೆಚ್ಚಿದ ಹುಡುಗನನ್ನೇ ಕುಸ್ತಿಯಲ್ಲಿ ಎತ್ತಿ ಒಗೆದಾಗ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನನ್ನ ಮೂಗಿಗೆ ನಮ್ಮೂರು ಗೊರೇಬಾಳದ ಹೊಸ ಭತ್ತದ ಹುಲ್ಲಿನ ವಾಸನೆ ಬಂತು.

ನಾನಾಗ ಲಂಗದ ಹುಡುಗಿ. ಗುರುಗುಂಟಾದಿಂದ ಸೋದರಮಾವನ ಮಗ ಬಂದಿದ್ದ. ಗರಡಿಯ ಹುಡುಗ, ಮಾತು ಬಹಳ.

“ದೊಡ್ಡಾಂವ ಆದಮ್ಯಾಲೆ ನಿನ್ನ ಲಗ್ನಾಗಿ ನಮ್ಮೂರಿಗೆ ಕರ್ಕೊಂಡ್ ಹೋಗ್ತೀನಿ ನೋಡು” ಎಂದ.

ಅವ್ವನಿಗೆ ನಾನೊಬ್ಬಳೇ ಮಗಳು. ಅವಳನ್ನು ಬಿಟ್ಟು ಹೋಗುವುದೆಂದರೆ ನನಗೆ ಅಳುವೇ ಬಂತು.

ಅಜ್ಜಿ ನಕ್ಕಳು. “ಕುಸ್ತಿ ಹಿಡೀರಿ. ಸೋತವರು ಗೆದ್ದವರ ಮನೀಗೆ ಬರಬೇಕು.”

ಗರಡಿಯ ಮಣ್ಣಿನಲ್ಲಿ ಪಳಗಿದ ಅವನ ಕಾಲು ಕಣದಲ್ಲಿ ಹರಡಿದ್ದ ನುಣುಪು ಹುಲ್ಲಿನ ಮೇಲೆ ಸರ್ರನೆ ಜಾರಿತು. ಕೆಡವಿ ಎದೆಯ ಮೇಲೆ ಕುಳಿತೆ.

“ಏಳಬೇ, ಉಸುರು ಕಟ್ಟಾಕತ್ತೈತಿ!”

“ನಮ್ಮ ಮನೀಗೆ ಬರ್ತೀಯೋ ಇಲ್ಲೋ?”

“ಬರ್ತೀನಿ ಬೇ!”

ದೊಡ್ಡವನಾದ ಮೇಲೆ ಮನೆಯಳಿಯನಾಗಿ ಬಂದೇಬಿಟ್ಟ. ಈಗ ನಮ್ಮ ಯಜಮಾನರು ಮೊಮ್ಮಗಳ ಪಕ್ಕ ಕುಳಿತು, “ನಾ ಬೇಕಂತನ ಬಿದ್ದಿದ್ದೆ” ಅನ್ನುತ್ತಿದ್ದಾರೆ.